ವನಜಳ ಹೆಸರಿನ ಮುಂದಿನ ಖಾಲಿ ಜಾಗ

ಕೆಲವು ವಿವರಗಳನ್ನು ನಾನು ತಪ್ಪಾಗಿ ಹೇಳುತ್ತಿರಬಹುದು. ಅವತ್ತಿನ ಸಭೆಗೆ ಬಂದವರು ಹನ್ನೊಂದು ಜನವೋ, ಹದಿಮೂರೋ? ಅಧ್ಯಕ್ಷರಾಗಿದ್ದ ತರ್ಕಶಾಸ್ತ್ರದ ಮೇಷ್ಟ್ರು ಪೇಟ ಸುತ್ತಿದ್ದರೋ, ಬರಿತಲೆಯಲ್ಲಿದ್ದರೋ? ಆಣೆ ಮಾಡಿ ಹೇಳಲಾರೆ. ಸಂಘದ ನಿಯಮಗಳನ್ನು ಬರೆದವಳು ನಾನೇ ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ.

ಹೋದ ತಿಂಗಳು ತುಮಕೂರಿನ ನಮ್ಮ ಹಳೆಯ ಕಾಲೇಜಿನಿಂದ ಕಾಗದ ಬಂತು. ‘ಸನ್ನಡತೆ ಸಂಘ’ಕ್ಕೆ ಹತ್ತು ವರ್ಷ ತುಂಬಿತಂತೆ. ಸ್ಥಾಪಕ ಸೆಕ್ರೆಟರಿಯಾದ ನಾನು ಹೋಗಿ ನಾಲ್ಕು ಮಾತಾಡಬೇಕಂತೆ.

ಏನು ಮಾತಾಡಲಿ?

ಆಗ ನಮಗೆ ಹತ್ತೊಂಬತ್ತು. ಸುಳ್ಳು ಹೇಳಬಾರದು, ಕಾಪಿ ಹೊಡೆಯಬಾರದು, ಇನ್ನೊಬ್ಬರನ್ನು ಆಡಿಕೊಳ್ಳಬಾರದು. ಹೀಗೆ ದೊಡ್ಡ ಪಟ್ಟಿಯೇ ಇತ್ತು. (ಹೋಟೆಲಿನಲ್ಲಿ ಟೀ ಕುಡಿಯುವುದು ಸನ್ನಡತೆಯೋ ಅಲ್ಲವೋ ಎಂದು ಒಂದು ಗಂಟೆ ಚರ್ಚಿಸಿ, ಸುಸ್ತಾಗಿ, ಹುಡುಗರೆಲ್ಲ ಟೀ ಕುಡಿಯಲು ಹೋದರು.)

ಸದಸ್ಯರಾಗುವವರ ಹೆಸರಿನ ಮುಂದೆ, ಅವರನ್ನು ಚೆನ್ನಾಗಿ ಬಲ್ಲವರೊಬ್ಬರು ‘ಇವರ ನಡತೆಯಲ್ಲಿ ಲೋಪ ಕಂಡಿಲ್ಲ’ ಎಂದು ಸಹಿ ಹಾಕಬೇಕಿತ್ತು. ಹಾಕದಿದ್ದರೆ ಕಾರಣ ಕೇಳುವಂತಿಲ್ಲ, ಹೇಳುವಂತೆಯೂ ಇಲ್ಲ. ಯಾರ ಮಾನವೂ ಹೋಗದಿರಲಿ ಎಂಬ ಕಾಳಜಿ! ಈ ಕೊನೆಯ ಭಾಗ ನನ್ನದೇ ಐಡಿಯಾ. ಮೇಷ್ಟ್ರು ತುಂಬ ಮೆಚ್ಚಿಕೊಂಡಿದ್ದರು.

ವನಜ ನನ್ನ ಸೋದರಮಾವನ ಮಗಳು, ನನ್ನದೇ ಕ್ಲಾಸು. ನಿಟ್ಟೂರಿನಲ್ಲಿ ರೈಲು ಹತ್ತಿ, ಗುಬ್ಬಿಯಲ್ಲಿ ಹತ್ತುವ ನನಗೆ ಸೀಟು ಹಿಡಿದಿರುತ್ತಿದ್ದಳು. ಅವತ್ತಿನ ಸಭೆಯಲ್ಲಿ ಅವಳಿಗೆ ಸಹಿ ಹಾಕಬೇಕಾದವಳು ನಾನು.

ಹಾಕಲಿಲ್ಲ.

ಹಿಂದಿನ ವಾರ ಅವಳ ಪಾಸು ಮುಗಿದುಹೋಗಿ, ಎರಡು ದಿನ ಟಿಕೆಟ್ಟಿಲ್ಲದೆ ಬಂದಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ. ಕಂಡಿಲ್ಲ ಎಂದು ಬರೆದರೆ ಸುಳ್ಳಾಗುವುದಿಲ್ಲವೇ? ನನಗೆ ಹಾಗನ್ನಿಸಿತು. ನಿಜ ಹೇಳಬೇಕೆಂದರೆ, ಹಾಗನ್ನಿಸಿದ್ದಕ್ಕೆ ಹೆಮ್ಮೆಯೂ ಆಗಿತ್ತು.

ಸಂಜೆ ರೈಲಿನಲ್ಲೂ ವನಜ ನನಗೆ ಸೀಟು ಹಿಡಿದಳು. ಆಮೇಲೆ ಕೇಳಿದಳು.

“ಪಾಸಿನ ವಿಷ್ಯಾನಾ?”

ನಾನು ತಲೆಯಾಡಿಸಿದೆ.

“ಹಂಗಂತ ಅವರ್ಗೆಲ್ಲ ಹೇಳ್ಬುಡೇ. ಅಷ್ಟು ಸಾಕು.”

“ನಿಯಮ ಇದೆಯಲ್ಲ ಕಣೇ.”

“ನಿಯಮ ಬರೆದೋಳು ನೀನೇ ತಾನೇ?”

ಗುಬ್ಬಿ ಬಂತು. ನಾನು ಇಳಿದೆ.

ಒಬ್ಬ ಹುಡುಗಿಯ ನಡತೆಗೆ ಅವಳ ಅತ್ತೆಯ ಮಗಳೇ ಸಹಿ ಹಾಕಲಿಲ್ಲ ಎಂದರೆ, ಕೇಳಿದವರು ರೈಲು ಪಾಸನ್ನು ನೆನೆಯುತ್ತಾರೆಯೇ? ನಮ್ಮ ಡಬ್ಬಿಯಲ್ಲಿ ದಿನಾ ಓಡಾಡುವವರೇ ಸುದ್ದಿಯನ್ನು ನಿಟ್ಟೂರಿಗೆ ಮುಟ್ಟಿಸಿದರು. ವನಜ ಅಪ್ಪನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದಳಂತೆ. ಮಾವ ನಂಬಲಿಲ್ಲ. “ಇಷ್ಟಕ್ಕೆಲ್ಲ ಯಾರು ಸೈನು ಹಾಕ್ದೆ ಇರ್ತಾರೆ?” ಅಂದರಂತೆ. ನ್ಯಾಯವಾದ ಪ್ರಶ್ನೆಯೇ.

ಬಿ.ಎ. ಪರೀಕ್ಷೆಗೆ ಮೂರು ತಿಂಗಳಿತ್ತು. ಅವಳನ್ನು ಕಾಲೇಜು ಬಿಡಿಸಿ ಕುಣಿಗಲ್ಲಿಗೆ ಮದುವೆ ಮಾಡಿಕೊಟ್ಟರು. ಕ್ಲಾಸಿಗೆ ಅವಳೇ ಫಸ್ಟ್. ನಾನು ಪಾಸಾದೆ, ಮೈಸೂರಿಗೆ ಹೋಗಿ ಎಂ.ಎ. ಮಾಡಿದೆ, ಈಗ ಈ ಅಂಕಣದಲ್ಲಿ ನಿಮಗೆ ವಾರವಾರ ಬುದ್ಧಿ ಹೇಳುತ್ತಿದ್ದೇನೆ.

ಇಷ್ಟು ವರ್ಷವೂ ನನಗೊಂದು ಸಮಾಧಾನವಿತ್ತು. ಅವಳ ಮದುವೆ ಗೊತ್ತಾದ ಸುದ್ದಿ ತಿಳಿದ ವಾರವೇ ನಾನು ನಿಟ್ಟೂರಿಗೆ ಓಡಿಹೋಗಿ ಮಾವನಿಗೆ ಎಲ್ಲ ಹೇಳಿದ್ದೆ. ಅವರು ಜಗಲಿಯ ಮೇಲೆ ಕೂತಿದ್ದರು, ಎಲೆಯಡಿಕೆ ತಟ್ಟೆ ಪಕ್ಕದಲ್ಲಿತ್ತು, “ಕಾಲ ಮೀರೋಯ್ತು ಬುಡಮ್ಮ” ಅಂದರು. ಅವರ ದನಿ ಕೂಡ ನೆನಪಿದೆ.

ಭಾಷಣಕ್ಕೆಂದು ಆ ವರ್ಷದ ಡೈರಿ ತೆಗೆದೆ. ಸಾರಿಗೆ ಉಪ್ಪು ಹೆಚ್ಚಾದದ್ದನ್ನೂ ಬರೆದಿಡುವವಳು ನಾನು. ಆ ವಾರದ ಏಳೂ ದಿನ ಇವೆ. ಮೀಟಿಂಗ್ ಇದೆ, ನೆಗಡಿ ಇದೆ, ಭಾನುವಾರ ಸತ್ಯದ ಬಗ್ಗೆ ಪ್ರಬಂಧ ಬರೆದದ್ದಿದೆ. ಮುಂದಿನ ವಾರಗಳನ್ನೂ ನೋಡಿದೆ. ನಿಟ್ಟೂರು ಎಲ್ಲೂ ಇಲ್ಲ.

ಬರೆಯಲು ಮರೆತೆನೇ? ಅಥವಾ ಹೋಗಬೇಕಿತ್ತು ಎಂದುಕೊಂಡದ್ದೇ ವರ್ಷ ಕಳೆದಂತೆ ಹೋದ ಹಾಗೆ ಆಯಿತೇ? ಮಾವ ಈಗಿಲ್ಲ. ಗೊತ್ತಿರಬಹುದಾದವಳು ಒಬ್ಬಳೇ.

ಮೊನ್ನೆ ಭಾನುವಾರ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ವನಜ ಉಪ್ಪಿಟ್ಟು ಮಾಡಿದಳು. ಮಗಳಿಗೆ ಇಂಗ್ಲಿಷ್ ಪಾಠ ಹೇಳಿಕೊಡುತ್ತಿದ್ದಳು, ನನಗಿಂತ ಚೆನ್ನಾಗಿ. ಕಾಲೇಜಿನ ಕಾಗದ ತೋರಿಸಿದೆ. ಪೂರ್ತಿ ಓದಿ, ಮಡಿಸಿ, ವಾಪಸು ಕೊಟ್ಟು, “ಹೋಗ್ಬಾ, ಚೆನ್ನಾಗಿ ಮಾತಾಡ್ತೀಯ” ಎಂದಳು. ಆಗ ಕೇಳಿಯೇಬಿಟ್ಟೆ. ಅವಳು ಮಗಳ ಪುಸ್ತಕದ ಮುಂದಿನ ಪುಟ ತಿರುವಿದಳು. ಬಸ್‌ಸ್ಟ್ಯಾಂಡಿನ ತನಕ ಜೊತೆಗೇ ಬಂದಳು, ಆ ಮಾತಿಗೆ ಮಾತ್ರ ಬರಲಿಲ್ಲ.

ನಾನು ಕೇಳಿದ್ದು ಇಷ್ಟೇ: “ವನಜ, ಅವತ್ತು ನಾನು ನಿಮ್ಮನೆಗೆ ಬಂದಿದ್ನಾ?”