ಐದನೆಯ ಮಾಡೆಲ್

ಮೊನ್ನೆ ಕೋಲ್ಕತ್ತಾದ ಕಸ್ಬಾ ಬಡಾವಣೆಯ ಮಾಲಿನಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ನಿಂತಿತ್ತು. ಹಳೆಯ ಹೆಸರು, ಹಳೆಯ ಮೂತಿ, ಒಳಗೆ ಮಾತ್ರ ಬ್ಯಾಟರಿ. ಬಾಗಿಲು ತೆರೆದರೆ ಹೊಸ ಚರ್ಮದ ವಾಸನೆ. "ಸರ್, ಇದು ಹೆರಿಟೇಜ್" ಎಂದಳು ಮಾರಾಟದ ಯುವತಿ. ನನಗೆ ನಗು ಬಂತು. ಆ ಹೆರಿಟೇಜಿನ ಸೀಟುಗಳ ಹಿಂದಿನ ಗೇಣುದ್ದದ ಜಾಗದಲ್ಲಿ, ತೊಡೆಯ ಮೇಲೆ ಸೌತೆಕಾಯಿ ಇಟ್ಟುಕೊಂಡು ಬೆಳೆದವನು ನಾನು.

ಕಾರು ಚಿಕ್ಕಪ್ಪನದು; ನಾನು ಅವರ ಮನೆಯಲ್ಲಿದ್ದು ಓದಿದವನು. ಉಡುಪಿ ಕಡೆಯಿಂದ ಕೋಲ್ಕತ್ತಾಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಊರು ಬಿಡುತ್ತಿದ್ದ ಚಹಾ ಕಂಪನಿಯ ಸಾಹೇಬನೊಬ್ಬನಿಂದ ಕೊಂಡಿದ್ದರು. ಅದರ ವಂಶಾವಳಿ ಅವರಿಗೆ ಬಾಯಿಪಾಠ. ಮೊದಲನೆಯ ಮಾಡೆಲ್ಲಿಗೆ ಕಿಟಕಿಯ ಗಾಜೇ ಇಲ್ಲ. ಎರಡನೆಯದಕ್ಕೆ ಗಾಜು ಬಂತು. ಮೂರನೆಯದಕ್ಕೆ ದೊಡ್ಡ ಇಂಜಿನ್. ನಾಲ್ಕನೆಯದಕ್ಕೆ ಹೊಸ ಕಾನೂನಿನ ದೆಸೆಯಿಂದ ರಬ್ಬರಿನ ದಪ್ಪ ಬಂಪರ್. "ಅಲ್ಲಿಗೆ ಅದು ಹಾಳಾಯ್ತು ಮಾರಾಯ" ಎಂದು ಇಂಗ್ಲೆಂಡಿನವರ ಪರವಾಗಿ ಚಿಕ್ಕಪ್ಪನೇ ದುಃಖಿಸುತ್ತಿದ್ದರು.

ನಮ್ಮದು ಮೊದಲನೆಯದು. ಅಂದರೆ ಆಷಾಢದಲ್ಲಿ ಒಳಗೆ ಕೂತೇ ಸ್ನಾನ. ಶಾಲೆಯಲ್ಲಿ ರೇಸ್ ಕಾರು ಎಂದು ಕೊಚ್ಚಿಕೊಂಡಿದ್ದ ನಾನು, ಟ್ರಾಮು ನಮ್ಮನ್ನು ಹಿಂದೆ ಹಾಕಿದಾಗಲೆಲ್ಲ ತಲೆ ತಗ್ಗಿಸಿಕೊಳ್ಳುತ್ತಿದ್ದೆ.

ಒಂದು ದಿನ ಇಂಜಿನ್ ಕೈಕೊಟ್ಟಿತು. ಮೆಕ್ಯಾನಿಕ್ ಹಾರು ಮಿಸ್ತ್ರಿ ಹಳದಿ ಟ್ಯಾಕ್ಸಿಯ ಇಂಜಿನ್ ಕೂರಿಸಿ, "ದಾದಾ, ಎಬಾರ್ ಚೊಲ್ಬೇ" ಎಂದ, ಇನ್ನು ಓಡ್ತದೆ ಅಂತ. ಓಡಿತು, ಸೊಗಸಾಗಿ ಓಡಿತು! ಪ್ರತಿ ಭಾನುವಾರ ದಕ್ಷಿಣದವರ ಅಂಗಡಿಗಳಿದ್ದ ಲೇಕ್ ಮಾರ್ಕೆಟ್ಟಿಗೆ, ಕುಚ್ಚಲಕ್ಕಿ, ಬೆಲ್ಲ ತರಲು. ವಾರವಿಡೀ ಬಂಗಾಳಿಯ ನಡುವೆ ಬಾಯಿ ಬಿಗಿದುಕೊಂಡಿರುತ್ತಿದ್ದ ಚಿಕ್ಕಮ್ಮ ಆ ಕಾರಿನಲ್ಲಿ ಹಾಡುತ್ತಿದ್ದರು.

ಆಮೇಲೆ ಚಿಕ್ಕಪ್ಪನಿಗೆ ಹಳೆ ಕಾರುಗಳ ರ‍್ಯಾಲಿಯ ಹುಚ್ಚು ಹಿಡಿಯಿತು. ತೀರ್ಪುಗಾರರು ಬಾನೆಟ್ ಎತ್ತಿ ನೋಡಿ, "ಇದು ಯಾವ ಮಾಡೆಲ್?" ಎಂದರು. ಸುತ್ತಲಿದ್ದವರು ನಕ್ಕರು. ಚಿಕ್ಕಪ್ಪ ಮನೆಗೆ ಬಂದು ಊಟ ಮಾಡಲಿಲ್ಲ.

ಎರಡು ವರ್ಷ ಕಾದು ಅಸಲಿ ಇಂಜಿನ್ ತರಿಸಿದರು. ಬಹುಮಾನ ಬಂತು. ಬಹುಮಾನ ಗೆದ್ದ ಕಾರಿಗೆ ಇನ್ನು ಓಡುವ ಅಗತ್ಯವಿರಲಿಲ್ಲ. ಮಾರ್ಕೆಟ್ಟಿಗೆ ಎಂದರೆ, "ಸೊಪ್ಪಿನ ನೀರು ಸೀಟಿಗೆ ತಾಗ್ತದೆ" ಎನ್ನುತ್ತಿದ್ದರು. ಚಿಕ್ಕಮ್ಮ ಬಸ್ಸು ಹಿಡಿದರು.

ಒಂದು ಭಾನುವಾರ ಚಿಕ್ಕಪ್ಪ ಬಂಪರ್ ಒರೆಸುತ್ತಿದ್ದಾಗ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು. ಬಸ್ಸಿನಿಂದ ಇಳಿಯುವಾಗ ಬಿದ್ದ ಚಿಕ್ಕಮ್ಮನನ್ನು ಯಾರೋ ಕರೆತಂದಿದ್ದರು. ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ಓಡಿಬಂದ ಗಂಡನಿಗೆ ಅವರು ಹೇಳಿದ್ದು ಇಷ್ಟೇ: "ಕಡೆಗೂ ಟ್ಯಾಕ್ಸಿ ಇಂಜಿನ್ನೇ ಕರ್ಕೊಂಡು ಬಂತು ನೋಡಿ."

ಚಿಕ್ಕಪ್ಪನ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು.

ಮುಂದಿನ ತಿಂಗಳು ಹಾರು ಮಿಸ್ತ್ರಿ ಮತ್ತೆ ಬಂದ. ಟ್ಯಾಕ್ಸಿ ಇಂಜಿನ್ ಮರಳಿತು, ಕಿಟಕಿಗೆ ಗಾಜು ಬಂತು, ಮಡಚಲಾರದ ಕಾಲಿಗಾಗಿ ಎಡಗಡೆಯ ಸೀಟು ಆರು ಇಂಚು ಎತ್ತರವಾಯಿತು. "ಈಗ ಇದು ಯಾವ ಮಾಡೆಲ್ ಚಿಕ್ಕಪ್ಪ?" ಎಂದೆ, ಕುಚೋದ್ಯಕ್ಕೆ.

"ಐದನೆಯದು," ಎಂದರು. "ಇಂಗ್ಲೆಂಡಿನವರಿಗೆ ಹೊಳೀಲಿಲ್ಲ."

ಚಿಕ್ಕಮ್ಮ ಮೊದಲ ಭಾನುವಾರ ಹಾಡಲಿಲ್ಲ. ಎರಡನೆಯದೂ ಇಲ್ಲ. ಮೂರನೆಯ ಭಾನುವಾರ ಗಾಜು ಇಳಿಸಿ ಸಣ್ಣಗೆ ಶುರು ಮಾಡಿದರು. ಚಿಕ್ಕಪ್ಪ ಟ್ರಾಮಿನ ಹಿಂದೆ ನಿಧಾನಕ್ಕೆ ಬಿಟ್ಟುಕೊಂಡು ಹೋದರು, ಬೇಕೆಂತಲೇ.

ಮಾಲಿನಲ್ಲಿ ಯುವತಿ ಬಣ್ಣಗಳ ಪಟ್ಟಿ ಮುಂದಿಟ್ಟಳು. ನಾನು, ಸ್ವಾಮಿ, ಆ ಕಾರನ್ನು ಬುಕ್ ಮಾಡಲೆಂದೇ ಮನೆಯಲ್ಲಿ ಹೇಳದೆ ಹೋಗಿದ್ದವನು. ಪೆನ್ನು ಕೆಳಗಿಟ್ಟು ಹೆಂಡತಿಗೆ ಫೋನ್ ಮಾಡಿದೆ. "ನಿನಗೆ ಎಂಥ ಸೀಟು ಅನುಕೂಲ?"

ಆ ಕಡೆ ಅವಳು ಟಿವಿಯ ಸದ್ದು ತಗ್ಗಿಸಿದಳು.

"ಎಲ್ಲಿದ್ದೀರಿ ನೀವು? ಆರೋಗ್ಯ ಸರಿ ಉಂಟಲ್ಲ?"