ಭೋಂಗಾ ಕೂಗಿದಾಗ ಅವ್ವ ಎಲ್ಲಿಗೆ ಹೋಗುತ್ತಾಳೆ

ಬಂದರಿನ ಭೋಂಗಾ, ಅದೇ ಸೈರನ್ನು, ಬೆಳಿಗ್ಗೆ ಒಮ್ಮೆ ಕೂಗುತ್ತಿತ್ತು. ವಾಸ್ಕೋದ ಸಡಾ ಗುಡ್ಡದ ಮೇಲಿನ ನಮ್ಮ ಖೋಲಿಯಲ್ಲಿ ಆ ಒಂದೇ ಕೂಗಿಗೆ ಅಪ್ಪ ಹಮಾಲಿಗೆಂದು ಬಂದರಿನ ಗೇಟಿಗೆ ಇಳಿಯುತ್ತಿದ್ದ. ಅವ್ವ ಮಣಿಸರ, ಕನ್ನಡಿ ಕೂಡಿಸಿ ಹೊಲಿದ ಚೀಲಗಳ ಗಂಟು ಹೊತ್ತು ಮಾರಲು ಬೀಚಿಗೆ ಹೊರಡುತ್ತಿದ್ದಳು. ಅಜ್ಜಿ ಮಗ್ಗಲು ಬದಲಿಸುತ್ತಿದ್ದಳು. ಹೀಗೆ ಸಾಲಾಗಿ ಬರೆದ ಕೂಡಲೇ ಅನುಮಾನ ಶುರುವಾಗುತ್ತದೆ. ದಿನಾ ಹೀಗೇ ಇತ್ತೇ? ಅಥವಾ ನಾನು ಬರೆದ ಪ್ರೋಗ್ರಾಂ ನೆನಪಿನ ಜಾಗದಲ್ಲಿ ಬಂದು ಕೂತಿದೆಯೇ?

ಪ್ರೋಗ್ರಾಂ ಬರೆದದ್ದಂತೂ ನಿಜ. ತೊಂಬತ್ತರ ದಶಕದ ನಡುವೆ, ವಾಸ್ಕೋದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಶನಿವಾರ ಅದನ್ನು ಸರ್ ಮುಂದೆ ಓಡಿಸಿ ತೋರಿಸಬೇಕಿತ್ತು. ಅವ್ವ ಮೊದಲೇ ಹೇಳಿಬಿಟ್ಟಿದ್ದಳು:

“ಪಾಸಾದ್ರ ಮುಂದಿನ ಕ್ಲಾಸಿಗೆ ಹೋಗು. ಇಲ್ಲಂದ್ರ ಸೋಮವಾರದಿಂದ ಗಂಟು ನೀ ಹೊರು. ನನ್ನ ಕುತ್ತಿಗಿ ಮುರಿಯಾಕತ್ತೈತಿ.”

ಪ್ರೋಗ್ರಾಮಿನಲ್ಲಿ ‘ಮನುಷ್ಯ’ ಎಂಬ ಒಂದು ಮೂಲ ಕ್ಲಾಸ್, ಅಂದರೆ ಅಚ್ಚು. ಅದರೊಳಗೆ ‘ಭೋಂಗಾ’ ಎಂಬ ಫಂಕ್ಷನ್: ಕೂಗಿದರೆ ಗೇಟಿಗೆ ಹೋಗು. ಅಪ್ಪ, ಅವ್ವ, ಅಜ್ಜಿ ಅದರಿಂದ ಹುಟ್ಟಿದ ಕ್ಲಾಸುಗಳು. ಏನೂ ಬರೆಯದಿದ್ದರೆ ಗೇಟಿಗೆ ಹೋಗುವುದೇ ಬಳುವಳಿಯಾಗಿ ಬರುತ್ತದೆ. ಅಪ್ಪನಿಗೆ ಅಷ್ಟು ಸಾಕು. ಉಳಿದಿಬ್ಬರು ಅದೇ ಹೆಸರಿನಲ್ಲಿ ತಮ್ಮದನ್ನು (ಅಜ್ಜಿ ಮಗ್ಗಲು, ಅವ್ವ ಬೀಚು) ಬರೆದುಕೊಂಡರೆ ಹಳೆಯದರ ಬದಲು ಅವರದು ನಡೆಯಬೇಕು. ಅದಕ್ಕೆಂದೇ ಮೂಲದಲ್ಲಿ ‘ವರ್ಚುವಲ್’ ಎಂದು ಸೇರಿಸಿದ್ದೆ. ಆಮೇಲೆ ಮೂವರನ್ನೂ ಬರೀ ಮನುಷ್ಯರೆಂದು ಸಾಲಿನಲ್ಲಿ ನಿಲ್ಲಿಸಿ, ಎಲ್ಲರಿಗೂ ಒಂದೇ ಕೂಗು.

ಶನಿವಾರ ಸರ್ ಮುಂದೆ ಓಡಿಸಿದೆ. ತೆರೆಯ ಮೇಲೆ ಅಜ್ಜಿ ಮಲಗಿದಳು. ಅವ್ವ ಗೇಟಿಗೆ ಹೋದಳು.

ಮತ್ತೆ ಓಡಿಸಿದೆ. ಮತ್ತೆ ಗೇಟಿಗೆ. ಎರರ್ ಒಂದೂ ಇಲ್ಲ. ಹಿಂದಿನ ಬೆಂಚಿನ ಮೇಲೆ ಅವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಲ್ಲಿದ್ದಳೆಂದು ಆಣೆ ಮಾಡಲಾರೆ. ಆದರೆ ಅವಳ ಈ ಮಾತುಗಳು ಬೇರೆ ಎಲ್ಲಿ ಹುಟ್ಟಿದವು? ತೆರೆಯ ಮೇಲೆ ಏನು ಬಂತೆಂದು ಕೇಳಿದಳು. ಹೇಳಿದೆ.

“ನಾ ಯಾಕ ಗೇಟಿಗೆ ಹೋಗ್ಲೆವಾ? ನಿಮ್ಮಪ್ಪ ಕಾಲು ಮುರ್ಕೊಂಡಾನೇನು?”

“ನೀ ಸುಮ್ಕಿರ ಬೇ.”

“ನಾ ಸುಮ್ಕನ ಅದೇನಿ. ನಿನ್ನ ಡಬ್ಬಿನಾ ಹುಚ್ಚುಚ್ಚಾರ ಮಾತಾಡಾಕತ್ತೈತಿ.”

ಸರ್ ಕೊಂಕಣಿಯವರು, ನಮ್ಮ ಜೊತೆ ಹಿಂದಿ. ಅವ್ವನ ನಗು ಅವರಿಗೆ ಅರ್ಥವಾಯಿತು ಅನ್ನಿಸುತ್ತದೆ, ಮಾತಲ್ಲ. ಮೊದಲಿನಿಂದ ಕಂಪೈಲ್ ಮಾಡಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟು, “ಯೆ ಪಢಾ?” ಎಂದರು. ಓದಿರಲಿಲ್ಲ. ಅದು ವಾರ್ನಿಂಗ್. ನಮ್ಮ ಬ್ಯಾಚಿನಲ್ಲಿ ವಾರ್ನಿಂಗ್ ಯಾರೂ ಓದುತ್ತಿರಲಿಲ್ಲ. ಎರರ್ ತಡೆಯುತ್ತದೆ, ವಾರ್ನಿಂಗ್ ಬಿಡುತ್ತದೆ. ಬಸ್ಸು ನಿಲ್ಲದ ಸ್ಟಾಪಿನ ಬೋರ್ಡಿನಂತೆ ಅದನ್ನು ದಾಟಿಬಿಡುತ್ತಿದ್ದೆವು.

ಅವ್ವನ ಭೋಂಗಾ ಮೂಲದ ಭೋಂಗಾವನ್ನು ಮರೆಮಾಡುತ್ತಿದೆ ಎಂದು ಅಲ್ಲಿ ಬರೆದಿತ್ತು. ಮರೆಮಾಡುತ್ತಿದೆ, ಅಷ್ಟೇ. ಅದರ ಜಾಗಕ್ಕೆ ಬಂದಿಲ್ಲ. ಅವ್ವ ಒಂದು ದಿನ ಬೋಗ್ಮಾಲೊ, ಒಂದು ದಿನ ಕೋಲ್ವಾ. ಹಾಗಾಗಿ ಅವಳ ಫಂಕ್ಷನ್ನಿಗೆ ಮಾತ್ರ ‘ಯಾವ ಬೀಚು’ ಎಂದು ಹೊರಗಿನಿಂದ ಹೇಳಬೇಕೆಂದು ಬರೆದಿದ್ದೆ. ಸಾಲಿನ ಕೂಗಿನಲ್ಲಿ ಬೀಚಿನ ಸುದ್ದಿಯೇ ಇಲ್ಲ. ಯಂತ್ರದ ಪಾಲಿಗೆ ಅದು ಅದೇ ಹೆಸರಿನ ಬೇರೆಯೇ ಫಂಕ್ಷನ್. ಕೂಗು ಬಂದಾಗ ಬಳುವಳಿಯದೇ ಉತ್ತರ ಕೊಟ್ಟಿತು.

ಭೋಂಗಾ ಯಾರಿಗೂ ದಾರಿ ಹೇಳುವುದಿಲ್ಲ, ಬರೀ ಕೂಗುತ್ತದೆ, ಎಲ್ಲಿಗೆಂಬುದು ಅವಳ ಒಳಗೇ ಇರಲಿ ಎಂದರು ಸರ್. ಬೀಚಿನ ಹೆಸರನ್ನು ಅವ್ವನ ಕ್ಲಾಸಿನೊಳಗೆ ಸರಿಸಿದೆ.

“ಬೋಗ್ಮಾಲೊ ಹಾಕು,” ಹಿಂದಿನಿಂದ ಅವ್ವ. “ಕೋಲ್ವಾದಾಗ ಈಗ ಗಿರಾಕಿ ಇಲ್ಲ.”

ಓಡಿಸಿದೆ. ಅಪ್ಪ ಗೇಟಿಗೆ, ಅಜ್ಜಿ ಮಗ್ಗಲಿಗೆ, ಅವ್ವ ಬೋಗ್ಮಾಲೊಗೆ. ಸರ್ ತಲೆಯಾಡಿಸಿ ಪಾಸ್ ಎಂದರು. ಆಮೇಲೆ, ಇದರಲ್ಲಿ ನೀನೆಲ್ಲಿ ಎಂದು ಕೇಳಿದರು. ನಾನು ಆ ಸಾಲಿನಲ್ಲಿರಲಿಲ್ಲ. ಸೇರಿಸಿ ಏನೂ ಬರೆಯದಿದ್ದರೆ ನಾನೂ ಗೇಟಿಗೆ ಹೋಗುತ್ತಿದ್ದೆ.

ಸೋಮವಾರ ಭೋಂಗಾ ಕೂಗಿತು. ಕ್ಲಾಸು ಸಂಜೆಗಿತ್ತು. ಎದ್ದು ಕೂತೆ, ಏನು ಮಾಡಬೇಕೆಂದು ತಿಳಿಯಲಿಲ್ಲ. ಅವ್ವ ಗಂಟನ್ನು ತಲೆಗೇರಿಸಲು ಬಾಗಿದಳು.

“ಪಾಸಾದಾಕಿ ಮಲಕೋವಾ. ಯಾರು ಬ್ಯಾಡಂದಾರ?”

ಗಂಟನ್ನು ಅವಳ ಕೈಯಿಂದ ಎಳೆದುಕೊಂಡೆ. “ಬಸ್‌ಸ್ಟಾಪಿನ ತನಕ ಅಷ್ಟ.”

ಇಳಿಜಾರಿನಲ್ಲಿ ಅವಳು ಮುಂದೆ ನಡೆದಳು. ಅವಳು ನಗುತ್ತಿದ್ದಳು ಎಂದು ಬರೆಯಲು ಕೈ ಹೋಗುತ್ತದೆ. ಬೆನ್ನು ಮಾತ್ರ ಕಾಣುತ್ತಿತ್ತು.