ಹಾಡುವ ಉರಿಗೆ ಸೆರಗಿನ ಪರೀಕ್ಷೆ

ಹೋದ ವಾರ ಬಾಗಲಕೋಟೆಯ ನವನಗರದ ಒಂದು ಮನೆಯ ಹಾಲಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಆ ವಾಸನೆ ಬಡಿಯಿತು. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಾಗ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದಲ್ಲ, ಅಂಥದು. ಹಳೆಯ ಝೆರಾಕ್ಸ್ ಅಂಗಡಿಗಳಲ್ಲೂ ಬರುತ್ತಿತ್ತು. ಮನೆಯವನು ಸಿರಿವಂತರ ಮನೆಗಳಿಗೆ ದುಬಾರಿ ಆಡಿಯೋ ಸಿಸ್ಟಮ್ ಕೂರಿಸಿಕೊಡುವವನು. ಅವನ ತಂದೆ ಹಳೇ ಬಾಗಲಕೋಟೆಯಲ್ಲಿ ಮೈಕಿನ ಸಾಮಾನು ಮಾರುತ್ತಿದ್ದರು. ಹೊರದೇಶದಿಂದ ಪ್ಲಾಸ್ಮಾ ಟ್ವೀಟರ್ ತರಿಸಿದ್ದೇನೆ, ನೀವು ಕೇಳಿ ಹೇಳಲೇಬೇಕು ಎಂದು ನನ್ನನ್ನು ಇಳಕಲ್ಲಿನಿಂದ ಕರೆಸಿದ್ದ.

ಸ್ಪೀಕರಿನ ನೆತ್ತಿಯ ಮೇಲೆ, ಸಣ್ಣ ಜಾಳಿಗೆಯ ಹಿಂದೆ, ಬೆರಳ ತುದಿಯಷ್ಟು ನೇರಳೆ ಉರಿ. ತಾಳದ ಕಿಣಿಕಿಣಿಯಂಥ ತೆಳ್ಳನೆಯ ಸದ್ದನ್ನೆಲ್ಲ ಆ ಉರಿಯೇ ನುಡಿಸುತ್ತದೆ, ಅಲುಗಾಡುವ ಕಾಗದವಿಲ್ಲ, ತಗಡಿಲ್ಲ ಎಂದು ಅವನು ವಿವರಿಸತೊಡಗಿದ. ಅರ್ಧಕ್ಕೇ ತಡೆದೆ. ಇದನ್ನು ನಾನು ಇಪ್ಪತ್ತೈದು ವರ್ಷದ ಹಿಂದೆಯೇ ಕೇಳಿದ್ದೇನೆ, ಅದೂ ಇಳಕಲ್ಲಿನಲ್ಲಿ...

ನಮ್ಮ ಮನೆಗೂ, ಎಲ್ಲರೂ ಮೈಕ್ ಚಾಚಾ ಎನ್ನುತ್ತಿದ್ದ ರಿಪೇರಿಯವರ ಅಂಗಡಿಗೂ ನಡುವೆ ಒಂದೇ ಗೋಡೆ. ಮಸೀದಿಯ ಹಾರ್ನ್ ಕೆಟ್ಟರೂ ಮಠದ ಹಾರ್ನ್ ಕೆಟ್ಟರೂ ಬರುತ್ತಿದ್ದುದು ಅವರ ಟೇಬಲ್ಲಿಗೇ. ನಾನಾಗ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದೆ. ನನ್ನ ಕಿವಿಯ ಬಗ್ಗೆ ನನಗೆ ಜಂಬವಿತ್ತು, ಇಲ್ಲವೆನ್ನುವುದಿಲ್ಲ. ನಲವತ್ತು ಮಕ್ಕಳ ಗುಂಪಿನಲ್ಲಿ ಒಬ್ಬಳ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಹಾಡು ನಿಲ್ಲಿಸುತ್ತಿದ್ದೆ. ಚಾಚಾನಿಗೂ ಅಂಥದೇ ಜಂಬ. ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು, ಜಗಳವೂ ಆಗುತ್ತಿತ್ತು.

ಬೇರೆಯವರು ಮೈಕಿನ ಮುಂದೆ ಹಲೋ ಹಲೋ ಎಂದು ಕೂಗಿ ಪರೀಕ್ಷೆ ಮಾಡಿದರೆ ಚಾಚಾನದು ಬೇರೆಯೇ ಕ್ರಮ. ನಮ್ಮ ಮನೆಯ ಮಗ್ಗದಲ್ಲಿ ಉಳಿದ ಸೆರಗಿನ ರೇಷ್ಮೆಯ ಒಂದು ತುಂಡು ಸದಾ ಅವರ ಜೇಬಿನಲ್ಲಿರುತ್ತಿತ್ತು. ಅದನ್ನು ಯಾರದಾದರೂ ಕೈಗೆ ಕೊಟ್ಟು ಮೈಕಿನ ಮುಂದೆ ತಿಕ್ಕಿಸಿ, ತಾವು ದೂರ ಹೋಗಿ ಹಾರ್ನಿನ ಕೆಳಗೆ ನಿಂತು ಕೇಳುತ್ತಿದ್ದರು. ರೇಷ್ಮೆ ರೇಷ್ಮೆಯ ಹಾಗೆ ಸರಸರ ಎಂದರೆ ಪಾಸು. ಹತ್ತಿಬಟ್ಟೆಯ ಹಾಗೆ ಮಂಕಾಗಿ ಕೇಳಿಸಿದರೆ ಮತ್ತೆ ಬಿಚ್ಚುವುದೇ. ಊರವರು ನಗುತ್ತಿದ್ದರು, ಆದರೆ ರಿಪೇರಿಗೆ ಅವರ ಹತ್ತಿರವೇ ಬರುತ್ತಿದ್ದರು.

ಆಮೇಲಾಮೇಲೆ ಚಾಚಾನಿಗೆ ಎಲ್ಲ ಸ್ಪೀಕರೂ ಹತ್ತಿಯಾಗತೊಡಗಿದವು. ಹೊಸದು ಹಾಕಿದರೂ ಅಷ್ಟೆ, ಹಳೆಯದು ಹಾಕಿದರೂ ಅಷ್ಟೆ. ಮಾಲು ಡುಪ್ಲಿಕೇಟ್ ಎಂದು ಅವರೇ ತೀರ್ಮಾನ ಮಾಡಿದರು. ಮಾಲು ಬರುತ್ತಿದ್ದುದು ಬಾಗಲಕೋಟೆಯ ದೋಸ್ತನ ಅಂಗಡಿಯಿಂದ. ಹರೆಯದಲ್ಲಿ ಇಬ್ಬರೂ ಕೂಡಿ ಮಹಾಕೂಟದಿಂದ ಕಲಾದಗಿಯವರೆಗೆ ಊರೂರಿಗೆ ಮೈಕ್ ಹಾಕಿದವರು, ಒಂದೇ ಬುತ್ತಿ ಬಿಚ್ಚಿ ಉಂಡವರು. ಅಂಥ ದೋಸ್ತನಿಗೆ ಚಾಚಾ ಗಿರಾಕಿಗಳ ಎದುರಿಗೇ ಕಳ್ಳಮಾಲಿನವ ಎಂದು ಬೈದು ಬಂದರು. ಮೂರು ವರ್ಷ ಮಾತಿಲ್ಲ. ದೋಸ್ತ ಮಗನ ಮದುವೆಯ ಕಾರ್ಡು ಕಳಿಸಿದರೂ ಹೋಗಲಿಲ್ಲ. ಮದುವೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಡಿಯಲ್ಲೇ ಕೂತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಹಟದಲ್ಲೇ ಉರಿಯ ಕೆಲಸಕ್ಕೆ ಇಳಿದರು. ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದ್ದರಂತೆ. ಕಾಗದಕ್ಕೆ ಭಾರ ಇದೆ, ತಗಡಿಗೆ ಭಾರ ಇದೆ, ಬೆಂಕಿಗೆ ಭಾರವಿಲ್ಲ, ಬೆಂಕಿಯನ್ನು ಯಾರೂ ಡುಪ್ಲಿಕೇಟ್ ಮಾಡಲಾರರು ಎಂಬುದು ಅವರ ವಾದ. ಜನ ಬಿಸಾಕಿದ ಟಿವಿಗಳಿಂದ ಹೈ ವೋಲ್ಟೇಜಿನ ಕಾಯಿಲ್ ಕಿತ್ತು, ಎರಡು ಸೂಜಿಯ ತುದಿಗಳ ನಡುವೆ ನೇರಳೆ ಉರಿ ಹತ್ತಿಸುವಷ್ಟರಲ್ಲಿ ಆರು ತಿಂಗಳು ಹಿಡಿಯಿತು. ಆ ವಾಸನೆ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಅತ್ತೆ ದಿನಾ ಗೋಡೆಗೆ ಬೈಯುತ್ತಿದ್ದರು.

ಒಂದು ಮಧ್ಯಾಹ್ನ ಕರೆ ಬಂತು. ಮೈಕನ್ನು ಉದ್ದದ ವೈರಿನಲ್ಲಿ ನಮ್ಮ ಮಗ್ಗದ ಕೋಣೆಗೆ ಎಳೆದು, ಬೈಯುತ್ತಿದ್ದ ಅತ್ತೆಯ ಕೈಗೇ ರೇಷ್ಮೆಯ ತುಂಡು ಕೊಟ್ಟಿದ್ದರು. ನಾನೂ ಚಾಚಾನೂ ಅಂಗಡಿಯಲ್ಲಿ ಉರಿಯ ಮುಂದೆ ಕೂತೆವು. ಅತ್ತೆ ತಿಕ್ಕಿದರು... ಹೊಸ ಸೀರೆಯುಟ್ಟವಳು ಪಕ್ಕದಲ್ಲೇ ಹಾದುಹೋದ ಹಾಗಿತ್ತು. ನನಗೆ ಮೈ ಜುಮ್ಮೆಂದಿತು. ಅಂಥ ಸ್ವಚ್ಛ ಸದ್ದನ್ನು ನಾನು ಯಾವ ಯಂತ್ರದಿಂದಲೂ ಕೇಳಿರಲಿಲ್ಲ. ಚಾಚಾ ಮಾತ್ರ ತಲೆಯಲ್ಲಾಡಿಸಿದರು. "ಇದೂ ಹತ್ತೀನ ನೋಡು" ಎಂದು ಸ್ವಿಚ್ಚಿಗೆ ಕೈ ಹಾಕಿದರು.

ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವ ಅಭ್ಯಾಸ ನನಗಿಲ್ಲ. "ಚಾಚಾ, ರೇಷ್ಮಿ ರೇಷ್ಮಿನ ಕೇಳಾಕತ್ತೈತ್ರಿ. ಮಷೀನ್ ಬರೊಬ್ಬರಿ ಐತಿ. ಕಿವಿ ನಿಮ್ದು ಹೋಗೈತಿ" ಎಂದುಬಿಟ್ಟೆ.

ಅವರು ನನ್ನ ಕಡೆ ನೋಡಲಿಲ್ಲ. ಎಲ್ಲ ಆರಿಸಿ, ನಮ್ಮ ಮನೆಗೆ ಹೋಗಿ ಅತ್ತೆಯ ಕೈಯಿಂದ ಆ ತುಂಡು ಇಸಿದುಕೊಂಡು ಬಂದು ನನಗೆ ಕೊಟ್ಟರು. ಸ್ಟೂಲಿನ ಮೇಲೆ ಕೂತು ಬಲಗಿವಿಯನ್ನು ನನ್ನ ಕೈಯ ಹತ್ತಿರ ತಂದರು. ನಡುವೆ ಮೈಕಿಲ್ಲ, ವೈರಿಲ್ಲ, ದೋಸ್ತನ ಮಾಲೂ ಇಲ್ಲ.

"ತಿಕ್ಕು ಬೇಟಿ" ಅಂದರು. ನಾನು ಆಗಲೇ ತಿಕ್ಕುತ್ತಿದ್ದೆ.

ಮರುದಿನ ಬೆಳಿಗ್ಗೆ ಉರಿಯ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, ನೀನೂ ಬಾ, ಸಾಕ್ಷಿ ಬೇಕು ಎಂದರು. ಬಸ್ಸು ಹತ್ತಿ ಹುನಗುಂದ ದಾಟಿ ಬಾಗಲಕೋಟೆಗೆ ಹೋದೆವು. ದೋಸ್ತನ ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಅವರು ಹೋಗಲಿ, ಆಮೇಲೆ ಮಾತಾಡಿರಿ ಎಂದು ನಾನು ಪಿಸುಗುಟ್ಟಿದೆ. ಬೈದದ್ದು ಗಿರಾಕಿಗಳ ಮುಂದೆ, ಇದನ್ನೂ ಅವರ ಮುಂದೆಯೇ ಹೇಳಬೇಕು ಎಂದು ಚಾಚಾ ನೇರವಾಗಿ ಒಳಗೆ ಹೋದರು.

"ಮಾಲು ಬರೊಬ್ಬರಿ ಇತ್ತು," ಎಂದರು ದೋಸ್ತನಿಗೆ. "ಕಿವಿ ನಂದು ಹೋಗಿತ್ತು."

ದೋಸ್ತ ಕುರ್ಚಿಯಿಂದ ಎದ್ದರು. ಬಾಗಿಲಿಗೆ ಬಂದು ಎದುರಿನ ಹೋಟೆಲಿಗೆ ಕೇಳುವಂತೆ ಮೂರು ಚಹಾ ಎಂದು ಕೂಗಿದರು. ಡಬ್ಬಿ ಅಲ್ಲಿಯೇ ಉಳಿಯಿತು. ಅಲ್ಲಿಂದ ಮುಂದೆ ಚಾಚಾ ಬೆಸುಗೆಯ ಕೆಲಸವನ್ನಷ್ಟೇ ಮಾಡಿದರು, ಕೇಳುವ ಕೆಲಸ ನನ್ನದಾಯಿತು. ಈಗ ಚಾಚಾನೂ ಇಲ್ಲ, ಅವರ ದೋಸ್ತನೂ ಇಲ್ಲ. ದೋಸ್ತನ ಅಂಗಡಿ ಹಳೇ ಊರಿನಿಂದ ನವನಗರಕ್ಕೆ ಬರುವಾಗ ಡಬ್ಬಿಯೂ ಎಲ್ಲೋ ಹೋಯಿತಂತೆ.

ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಯಾವಾಗಲೂ ನನ್ನ ಕಿವಿಯ ಕಥೆಯಾಗಿಯೇ. ಸತ್ಯ ಹೇಳಿದವಳು ನಾನು ಎಂಬ ಹೆಮ್ಮೆ.

ಹೋದ ವಾರ ನವನಗರದ ಆ ಹಾಲಿನಲ್ಲಿ, ನನ್ನನ್ನು ಕರೆಸಿದ್ದ ದೋಸ್ತನ ಮಗ ಒಂದು ಭಜನೆ ಹಾಕಿದ. ಚೆನ್ನಾಗಿತ್ತು, ಆದರೆ ಇಷ್ಟು ದೊಡ್ಡ ಮಾತಿಗೆ ತಕ್ಕಂತಿರಲಿಲ್ಲ. ತಾಳದ ಅಂಚು ಮಂಕು. "ಹೆಂಗೈತ್ರಿ ಅಕ್ಕೋರ?" ಎಂದು ಮುಖ ನೋಡುತ್ತ ನಿಂತ. ಅಂಥಾ ವಿಶೇಷ ಏನಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮತ್ತೆ ಆ ವಾಸನೆ... ಸ್ವಲ್ಪ ಆರಿಸಪ್ಪ ಎಂದೆ. ಉಟ್ಟಿದ್ದ ಇಳಕಲ್ ಸೀರೆಯ ಸೆರಗನ್ನು ಬಲಗಿವಿಗೆ ಹಿಡಿದು ತಿಕ್ಕಿದೆ. ಏನೋ ಗಾಳಿಯಾಡಿದ ಹಾಗಾಯಿತು, ಅಷ್ಟೆ. ಎಡಗಿವಿಗೂ ಹಿಡಿದು ನೋಡಿದೆ.

ನನ್ನ ಕೈಯ ಹತ್ತಿರ ಬಾಗಿದ್ದ ಚಾಚಾನ ತಲೆ ಕಣ್ಣ ಮುಂದೆ ಬಂತು. ಅಂದು ನಾನು ಒಂದೇ ಉಸಿರಿಗೆ ಆಡಿದ ಮಾತು ಅವರಿಗೆ ಎಷ್ಟು ಭಾರವಾಗಿತ್ತೋ ಏನೋ. ಅದನ್ನು ಹೊತ್ತುಕೊಂಡು ಅಷ್ಟು ಜನರ ಮುಂದೆ ನಿಂತರಲ್ಲ. ಒಮ್ಮೆ ಕೈ ಹಿಡಿದು ಇದನ್ನು ಹೇಳಬೇಕೆಂದರೆ ಅವರಿಲ್ಲ.

"ಮಷೀನ್ ಬರೊಬ್ಬರಿ ಐತಿ ತಮ್ಮಾ," ಎಂದೆ. "ಕಿವಿ ನಂದು."

ಅವನು ಒಳಬಾಗಿಲಿನ ಕಡೆ ತಿರುಗಿ, ಚಹಾ ಮಾಡಲು ಹೇಳಿದ.